ಹತ್ತು ಅಂಕಿ, ಒಂದು ಝಂಪೆ

ಬಾಸ್ ಗಿಟಾರ್ ಹೆಗಲಿಗೆ ಹಾಕಿಕೊಂಡವನನ್ನು ನಮ್ಮ ನೆಕ್ರಾಜೆ ಕಡೆಯ ಜನ ಕೇಳುವ ಪ್ರಶ್ನೆಗಳು ಎರಡೇ. “ಇದಕ್ಕೆ ಎರಡು ತಂತಿ ಎಂತಕ್ಕೆ ಕಮ್ಮಿ ಮಾರಾಯ?” ಅಂತ ಒಂದು. “ಇದರ ಸ್ವರವೇ ಕೇಳುವುದಿಲ್ಲವಲ್ಲ” ಅಂತ ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ದಪ್ಪದಿಂದ ಸಪುರಕ್ಕೆ ಇ, ಎ, ಡಿ, ಜಿ. ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಸಪುರದ್ದು 98 ಸಲ. ಇಷ್ಟು ತಗ್ಗಿನ ನಾದವನ್ನು ಎತ್ತಿಕೊಡುವ ತ್ರಾಣ ಮೊಬೈಲಿನ ಸ್ಪೀಕರಿಗೆ ಇಲ್ಲ. ರಸಮಂಜರಿಯ ಪೆಂಡಾಲಿನಲ್ಲಿ ಎದೆಗೇ ಬಂದು ತಾಗಿದ ಸ್ವರ, ಮನೆಗೆ ಬಂದು ವಿಡಿಯೊ ಹಾಕಿದರೆ ಇಲ್ಲವೇ ಇಲ್ಲ. ನಂಬಿಕೆ ಬಾರದವರು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಕೇಳಿ. ಶಂಕರ್ ನಾಗ್ ನಿರ್ದೇಶನ, ಇಳಯರಾಜ ಸಂಗೀತ. ಹಾಡಿನ ಕೆಳಗೆ ಇನ್ನೊಂದು ಹಾಡು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅದು ಬಾಸ್.

ಈಗ ಬಾಸ್ ಹಿಡಿಯುವ ಹುಡುಗರಿಗೆ ಆ ಕೆಳಗಿನ ಹಾಡು ಸಾಕಾಗುವುದಿಲ್ಲ. ಅವರಿಗೆ ಟ್ಯಾಪಿಂಗ್ ಬೇಕು. ನೆರೆಮನೆಯ ಹುಡುಗ ಮೊನ್ನೆ ಬಂದು, “ಮಾಮ, ಎರಡೂ ಕೈಯ ಬೆರಳಲ್ಲಿ ತಂತಿಗೆ ಕುಟ್ಟಿ ಬಾರಿಸ್ತಾರಲ್ಲ, ಅದರದ್ದೊಂದು ಟ್ಯಾಬ್ ಸಿಕ್ಕಿದೆ. ಓದ್ಲಿಕ್ಕೆ ಹೇಳಿಕೊಡಿ” ಎಂದ. ಕಾಗದ ನೋಡಿದೆ. ನಾಲ್ಕು ಗೆರೆ, ಗೆರೆಗಳ ಮೇಲೆ ಸಾಲುಸಾಲು ಅಂಕಿ. ಓದುವುದನ್ನು ಹೇಳಿಕೊಡಲು ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಉಳಿದದ್ದೇ ದೊಡ್ಡ ಪಾಠ. ಈ ವಾರದ ಅಂಕಣ ಅದರ ಬಗ್ಗೆ.

ಟ್ಯಾಪಿಂಗ್‌ನಲ್ಲಿ ಮೀಟುವುದೇ ಇಲ್ಲ. ಬೆರಳಿನ ತುದಿಯಿಂದ ತಂತಿಯನ್ನು ಫ್ರೆಟ್ಟಿಗೆ ಬಡಿದು, ಆ ಪೆಟ್ಟಿನಿಂದಲೇ ಸ್ವರ ಎಬ್ಬಿಸುವುದು. ಮೀಟುವ ಕೆಲಸ ತಪ್ಪಿದ ಬಲಗೈಯೂ ಎಡಗೈಯ ಜೊತೆ ದಂಡಿಯ ಮೇಲೆಯೇ ಬಂದು ಕೂರುತ್ತದೆ. 1978ರಲ್ಲಿ ಎಡ್ಡಿ ವ್ಯಾನ್ ಹ್ಯಾಲೆನ್ ತಮ್ಮ ತಂಡದ ಮೊದಲ ಆಲ್ಬಮ್ಮಿನ ‘ಇರಪ್ಷನ್’ನಲ್ಲಿ ಇದನ್ನು ಲೋಕಕ್ಕೆಲ್ಲ ಕೇಳಿಸಿದ ಮೇಲೆ, ಅವರೇ ಇದನ್ನು ಕಂಡುಹಿಡಿದರೆಂದು ನಂಬಿದವರು ಬಹಳ. ಜಿಮ್ಮಿ ವೆಬ್‌ಸ್ಟರ್ ಎಂಬ ಅಮೆರಿಕದ ಗಿಟಾರ್ ವಾದಕರು 1952ರಲ್ಲೇ ಎರಡು ಕೈಯ ಈ ಕ್ರಮಕ್ಕೆ ಪಾಠದ ಪುಸ್ತಕ ಬರೆದಾಗಿತ್ತು. ಎಮ್ಮೆಟ್ ಚಾಪ್‌ಮನ್ ಇದಕ್ಕೆಂದೇ ಬೇರೆ ವಾದ್ಯ ಕಟ್ಟಿ 1974ರಿಂದ ‘ಚಾಪ್‌ಮನ್ ಸ್ಟಿಕ್’ ಎಂದು ಮಾರತೊಡಗಿದರು. ಬಾಸಿಗೆ ಇದನ್ನು ತಂದವರಲ್ಲಿ ಬಿಲ್ಲಿ ಶೀಹನ್, ಸ್ಟುವರ್ಟ್ ಹ್ಯಾಮ್, ವಿಕ್ಟರ್ ವೂಟನ್ ದೊಡ್ಡ ಹೆಸರುಗಳು. ಹ್ಯಾಮ್ 1988ರ ತಮ್ಮ ಆಲ್ಬಮ್ಮಿನಲ್ಲಿ ಬೀಥೋವನನ ‘ಮೂನ್‌ಲೈಟ್ ಸೊನಾಟಾ’ವನ್ನು ಬಾಸಿನಲ್ಲಿ ನುಡಿಸಿದ್ದಾರೆ. ಪಿಯಾನೊ ಪಾಠವನ್ನು ನಾಲ್ಕು ತಂತಿಗೆ ಇಳಿಸುವ ಹುಚ್ಚು ಯಾರಿಗಾದರೂ ಇದ್ದರೆ ಮೊದಲು ಅದನ್ನು ಕೇಳಬೇಕು. ವೂಟನ್ ಅವರ 1996ರ ‘ಎ ಶೋ ಆಫ್ ಹ್ಯಾಂಡ್ಸ್’ ನನಗೆ ಇನ್ನೂ ಪ್ರಿಯ. ಅಲ್ಲಿ ಬೆರಳಿನ ಚಳಕ ಹಾಡಿಗಿಂತ ಮುಂದೆ ಹೋಗುವುದಿಲ್ಲ.

ಇನ್ನು ಕೈಯ ಕೆಲಸ. ಫ್ರೆಟ್ಟಿನ ಲೋಹದ ಪಟ್ಟಿಗೆ ತಾಗಿಕೊಂಡೇ, ಆದರೆ ವಾದ್ಯದ ತಲೆಯ ಬದಿಯಲ್ಲಿ, ಬೆರಳು ಬೀಳಬೇಕು. ಎರಡು ಪಟ್ಟಿಗಳ ನಟ್ಟನಡುವೆ ಬಿದ್ದರೆ ಸ್ವರ ಮಸುಕು. ಪಟ್ಟಿಯ ಮೇಲೆಯೇ ಬಿದ್ದರೆ ಬರೀ ಟಕ್ ಎಂಬ ಸದ್ದು. ಬಲಕ್ಕಿಂತ ವೇಗ ಮುಖ್ಯ. ಬಡಿದ ಬೆರಳು ಅಲ್ಲೇ ಒತ್ತಿ ನಿಲ್ಲಬೇಕು, ಎತ್ತಿದರೆ ಸ್ವರ ಹೋಯಿತು. ಎತ್ತುವುದಕ್ಕೂ ಒಂದು ಕ್ರಮ ಇದೆ. ನೇರ ಮೇಲಕ್ಕೆ ಎತ್ತದೆ, ತಂತಿಯನ್ನು ತುಸು ಬದಿಗೆ ಕೆರೆದುಕೊಂಡು ಎತ್ತಬೇಕು. ಆಗ ಆ ಬೆರಳು ಹೋಗುತ್ತಾ ಹಿಂದಿನ ಫ್ರೆಟ್ಟಿನ ಸ್ವರವನ್ನು ಮೀಟಿಯೇ ಹೋಗುತ್ತದೆ. ಆರೋಹಣದಲ್ಲಿ ಬಡಿಯುವುದು, ಅವರೋಹಣದಲ್ಲಿ ಕೆರೆಯುವುದು. ಟ್ಯಾಪಿಂಗ್‌ನ ಎಲ್ಲ ವಿದ್ಯೆ ಇವೆರಡರ ಒಳಗೇ ಇದೆ.

ಆದರೂ ಶುರುವಿನಲ್ಲಿ ಎಲ್ಲರ ಟ್ಯಾಪಿಂಗೂ ಗಲಾಟೆಯಂತೆಯೇ ಕೇಳುತ್ತದೆ, ಅದಕ್ಕೆ ಕಾರಣ ಇದೆ. ತಂತಿಯ ನಡುವೆ ಬಡಿದಾಗ ಅದು ಎರಡು ತುಂಡಾದ ಹಾಗೆ. ಬೆರಳಿನಿಂದ ಬುಡದ ಬ್ರಿಡ್ಜಿನವರೆಗಿನ ಭಾಗ ಬೇಕಾದ ಸ್ವರ ಕೊಡುತ್ತದೆ. ಬೆರಳಿನಿಂದ ತಲೆಯವರೆಗಿನ ಭಾಗವೂ ಸುಮ್ಮನಿರದೆ ನಡುಗುತ್ತದೆ. ತಂತಿಯ ಕಂಪನ ಹಿಡಿಯುವ ಪಿಕಪ್ ಬ್ರಿಡ್ಜಿನ ಬದಿಗಿರುವುದರಿಂದ ಆ ನಡುಕ ಅಷ್ಟಾಗಿ ಕೇಳಿಸದು. ಬೆರಳು ಎತ್ತಿದೆವೋ, ಎರಡು ತುಂಡೂ ಸೇರಿ ಖಾಲಿ ತಂತಿಯೇ ಮೊಳಗತೊಡಗುತ್ತದೆ. ಅಕ್ಕಪಕ್ಕದ ತಂತಿಗಳೂ ದನಿಗೂಡಿಸುತ್ತವೆ. ಇದಕ್ಕೇ ದೊಡ್ಡ ವಾದಕರೂ ತಲೆಯ ಹತ್ತಿರ, ಮೊದಲ ಫ್ರೆಟ್ಟಿನ ಬಳಿ, ತಂತಿಗಳಿಗೆ ಒಂದು ಬಟ್ಟೆಯನ್ನೋ ಜಡೆಗೆ ಹಾಕುವ ರಬ್ಬರ್ ಬ್ಯಾಂಡನ್ನೋ ಸುತ್ತಿರುತ್ತಾರೆ. ವಿಡಿಯೊ ನೋಡುವಾಗ ಕೈ ಬಿಟ್ಟು ಅದನ್ನು ನೋಡಿ.

ವಾದ್ಯವನ್ನೂ ಸ್ವಲ್ಪ ಹದ ಮಾಡಿಕೊಳ್ಳಬೇಕು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಎರಡು ಮಿಲಿಮೀಟರಿನ ಆಸುಪಾಸು ಇದ್ದರೆ ಬೆರಳಿಗೆ ಸುಖ, ಅದಕ್ಕಿಂತ ತುಂಬಾ ಎತ್ತರವಿದ್ದರೆ ಟ್ಯಾಪಿಂಗ್ ಬರೀ ವ್ಯಾಯಾಮ. ನಮ್ಮ ಮಳೆಗಾಲದ ತೇವಕ್ಕೆ ದಂಡಿಯ ಮರ ಬಾಗುತ್ತದೆ, ಜೂನಿನಲ್ಲಿ ಸರಿ ಮಾಡಿದ್ದು ಆಗಸ್ಟಿನಲ್ಲಿ ಸರಿ ಇರುವುದಿಲ್ಲ. ತಂತಿಗೂ ತುಕ್ಕು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರಸದವರಿಗೆ ಹೊಸ ತಂತಿಗೆ ಮಂಗಳೂರಿನ ಬಸ್ಸು ಹತ್ತುವ ಕೆಲಸ ಬೇಗ ಬರುತ್ತದೆ. ಇನ್ನೊಂದು ವಿಷಯ. ಕರೆಂಟ್ ಹೋದಾಗ ಆಂಪ್ಲಿಫೈಯರ್ ಇಲ್ಲದೆ ಟ್ಯಾಪಿಂಗ್ ಅಭ್ಯಾಸ ಮಾಡಬೇಡಿ. ಕೇಳಿಸುವುದಿಲ್ಲವೆಂದು ಬೆರಳು ತಾನಾಗಿಯೇ ಜೋರು ಬಡಿಯಲು ಕಲಿಯುತ್ತದೆ, ಆಮೇಲೆ ಆ ಚಾಳಿ ಬಿಡಿಸುವುದು ಕಷ್ಟ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಹೆಡ್‌ಫೋನ್ ಆಂಪ್ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ.

ಈಗ ಟ್ಯಾಬ್. ಬಾಸಿನ ಟ್ಯಾಬಿಗೆ ನಾಲ್ಕು ಗೆರೆ. ಮೇಲಿನದು ಸಪುರದ ಜಿ, ಕೆಳಗಿನದು ದಪ್ಪದ ಇ. ವಾದ್ಯವನ್ನು ತೊಡೆಯ ಮೇಲೆ ಮಲಗಿಸಿ ಬಗ್ಗಿ ನೋಡಿದರೆ ಕಾಣುವ ಕ್ರಮ ಇದು. ಗೆರೆಯ ಮೇಲಿನ ಅಂಕಿ ಫ್ರೆಟ್ಟಿನ ಅಂಕಿ. ಸೊನ್ನೆ ಇದ್ದರೆ ಖಾಲಿ ತಂತಿ. ಒಂದರ ಮೇಲೊಂದು ಇದ್ದರೆ ಒಟ್ಟಿಗೇ ನುಡಿಸುವುದು. ಬಲಗೈ ಬಡಿಯುವ ಸ್ವರದ ತಲೆಯ ಮೇಲೆ ಟಿ ಅಕ್ಷರವನ್ನೋ ಕೂಡಿಸುವ ಚಿಹ್ನೆಯನ್ನೋ ಬರೆದಿರುತ್ತಾರೆ. ಇಂಗ್ಲಿಷಿನ ಸಣ್ಣ ಹೆಚ್ ಇದ್ದರೆ ಬಡಿಯುವುದು, ಪಿ ಇದ್ದರೆ ಕೆರೆದು ಎತ್ತುವುದು, ಓರೆಗೀಟು ಇದ್ದರೆ ಜಾರುವುದು. ಇಷ್ಟೇ.

ಇದನ್ನು ಕಂಡರೆ ಮೂಗು ಮುರಿಯುವ ಪಂಡಿತರಿದ್ದಾರೆ. ಐದು ಗೆರೆಯ ಸ್ಟಾಫ್ ನೊಟೇಶನ್ ಓದಲು ಬಾರದ ಸೋಮಾರಿಗಳ ಲಿಪಿ ಎಂದು ಅವರ ತಕರಾರು. ನಾನು ಒಪ್ಪುವುದಿಲ್ಲ. ಬಾಸಿನಲ್ಲಿ ಒಂದೇ ಸ್ವರ ನಾಲ್ಕು ಕಡೆ ಸಿಗುತ್ತದೆ. ಜಿ ತಂತಿಯ ಐದನೆಯ ಫ್ರೆಟ್, ಡಿ ತಂತಿಯ ಹತ್ತನೆಯದು, ಎ ತಂತಿಯ ಹದಿನೈದನೆಯದು, ಇ ತಂತಿಯ ಇಪ್ಪತ್ತನೆಯದು, ನಾಲ್ಕೂ ಒಂದೇ ಸಿ ಸ್ವರ. ಸ್ಟಾಫಿನಲ್ಲಿ ಅದು ಒಂದೇ ಚುಕ್ಕೆ. ಯಾವ ಕಡೆ ಎಂದು ನೀವೇ ಊಹಿಸಬೇಕು. ಮೀಟುವ ಬಾಸಿನಲ್ಲಿ ಊಹೆ ತಪ್ಪಿದರೆ ದನಿಯ ಬಣ್ಣ ಸ್ವಲ್ಪ ಬದಲಾದೀತು, ಅಷ್ಟೆ. ಟ್ಯಾಪಿಂಗ್‌ನಲ್ಲಿ ಊಹೆ ತಪ್ಪಿದರೆ ಎರಡು ಕೈ ಒಂದರ ಮೇಲೊಂದು ಬಂದು ಸಿಕ್ಕಿಕೊಳ್ಳುತ್ತದೆ. ಎರಡು ಕೈಯ ಆಟಕ್ಕೆ ಟ್ಯಾಬಿಗಿಂತ ಒಳ್ಳೆಯ ಲಿಪಿ ಇಲ್ಲ.

ಮತ್ತೆ, ಇದು ಇವತ್ತಿನದೂ ಅಲ್ಲ. ವೆನಿಸ್ಸಿನಲ್ಲಿ ಪೆಟ್ರುಚ್ಚಿ ಎಂಬ ಮುದ್ರಕ 1507ರಲ್ಲಿ ಫ್ರಾಂಚೆಸ್ಕೊ ಸ್ಪಿನಾಚಿನೊನ ಲ್ಯೂಟ್ ಸಂಗೀತವನ್ನು ಟ್ಯಾಬಿನಲ್ಲಿಯೇ ಅಚ್ಚು ಹಾಕಿದ. ಇಟಲಿಯವರ ಆ ಕ್ರಮದಲ್ಲಿ ಮೇಲಿನ ಗೆರೆ ದಪ್ಪ ತಂತಿಯದು, ನಮ್ಮದಕ್ಕೆ ತಲೆಕೆಳಗು. ಸ್ಪೇನಿನ ಲೂಯಿಸ್ ಮಿಲಾನ್ 1536ರ ತನ್ನ ಪುಸ್ತಕದಲ್ಲಿ ಸಪುರ ತಂತಿಯನ್ನು ಮೇಲಕ್ಕೆ ತಂದ. ಗೆರೆ ಮೇಲೆ ಕೆಳಗೆ ಆದದ್ದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಆ ಹಳೆಯ ಪುಸ್ತಕಗಳಲ್ಲಿ ಅಂಕಿಗಳ ನೆತ್ತಿಯ ಮೇಲೆ ಸಣ್ಣ ಸಣ್ಣ ಬಾವುಟದಂಥ ಗುರುತುಗಳಿದ್ದವು. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು ಅವು ಹೇಳುತ್ತಿದ್ದವು. ಐನೂರು ವರ್ಷದ ಮೇಲೆ ಗಿಟಾರ್ ಹುಡುಗರು ಕಂಪ್ಯೂಟರಿನಲ್ಲಿ ಅಡ್ಡಗೀಟು ಮತ್ತು ಅಂಕಿಗಳನ್ನು ಟೈಪು ಮಾಡಿ ಹಂಚತೊಡಗಿದಾಗ ಆ ಬಾವುಟಗಳು ಬಿದ್ದುಹೋದವು. ಕೀಬೋರ್ಡಿನಲ್ಲಿ ಅವುಗಳಿಗೆ ಕೀಲಿ ಇರಲಿಲ್ಲ! ನೆರೆಮನೆಯ ಹುಡುಗನ ಕಾಗದದಲ್ಲೂ ಅವಿರಲಿಲ್ಲ. ಬೆರಳು ಎಲ್ಲಿ ಇಡಬೇಕೆಂದು ಪೂರ್ತಿ ಇತ್ತು, ಯಾವಾಗ ಇಡಬೇಕೆಂದು ಒಂದಕ್ಷರವೂ ಇರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಬಾಸ್ ಇದ್ದವರು ಕೈಗೆತ್ತಿಕೊಳ್ಳಿ. ಜಿ ತಂತಿಯೊಂದೇ ಸಾಕು. ಖಾಲಿ ತಂತಿಯೇ ಷಡ್ಜ, ಯಕ್ಷಗಾನ ಹಿಮ್ಮೇಳದವರ ಲೆಕ್ಕದಲ್ಲಿ ಬಿಳಿ ಐದು. ಈ ಹತ್ತು ಅಂಕಿ ನುಡಿಸಿ:

0 2 4 7 9 12 9 7 4 2

ಸ ರಿ ಗ ಪ ದ ಸ, ಮತ್ತೆ ಅದೇ ದಾರಿಯಲ್ಲಿ ಕೆಳಗೆ. ಮೋಹನ ರಾಗದ ಸ್ವರಗಳು. ಎರಡು ಮತ್ತು ನಾಲ್ಕು ಎಡಗೈಗೆ, ತೋರುಬೆರಳು ಮತ್ತು ಕಿರುಬೆರಳು. ಏಳು, ಒಂಬತ್ತು, ಹನ್ನೆರಡು ಬಲಗೈಗೆ. ಇಲ್ಲಿ ಟ್ಯಾಬ್ ಹೇಳದ ಮೊದಲ ಸಂಗತಿ ಎದುರಾಗುತ್ತದೆ. ಸಾಮಾನ್ಯ ಬಾಸಿನ ತಂತಿಯ ಅಳತೆ 34 ಇಂಚು. ಅದರಲ್ಲಿ ಏಳರಿಂದ ಹನ್ನೆರಡಕ್ಕೆ ಸುಮಾರು ಹದಿನಾಲ್ಕೂವರೆ ಸೆಂಟಿಮೀಟರ್. ಒಂದೇ ಹಿಡಿತಕ್ಕೆ ಅದು ನಿಲುಕದು, ಒಂಬತ್ತಾದ ಮೇಲೆ ಬಲಗೈ ಹಾರಿ ಹನ್ನೆರಡಕ್ಕೆ ಬೀಳಬೇಕು. ಕಾಗದದ ಮೇಲೆ ಎಲ್ಲ ಅಂಕಿಗಳ ನಡುವೆಯೂ ಒಂದೇ ಅಂತರ. ಎರಡನೆಯ ಸಂಗತಿ, ಬಲಗೈಯ ಏಳನ್ನು ಕೆರೆದು ಎತ್ತುವ ಮೊದಲೇ ಎಡಗೈಯ ಕಿರುಬೆರಳು ನಾಲ್ಕರ ಮೇಲೆ ಹೋಗಿ ಕೂತಿರಬೇಕು. ಇಲ್ಲದಿದ್ದರೆ ಗಾಂಧಾರದ ಜಾಗದಲ್ಲಿ ಷಡ್ಜ ಬಾಯಿ ಹಾಕುತ್ತದೆ. ಷಡ್ಜವೇ ಖಾಲಿ ತಂತಿಯಾದ್ದರಿಂದ ಇಲ್ಲಿ ಬಟ್ಟೆ ಸುತ್ತುವಂತೆಯೂ ಇಲ್ಲ. ಉಳಿದ ಮೂರು ತಂತಿಗಳ ಅಡಿಗೆ ಮಾತ್ರ ತುರುಕಿ.

ಮೂರನೆಯದೇ ತಾಳ. ಪಾಶ್ಚಾತ್ಯ ಅಭ್ಯಾಸದಂತೆ ಇದನ್ನು ನಾಲ್ಕು ನಾಲ್ಕಾಗಿ ಎಣಿಸಿದರೆ ಪ್ರತಿ ಸುತ್ತಿಗೂ ಒತ್ತು ಜಾರುತ್ತದೆ. ಮೊದಲ ಸಲ ಷಡ್ಜಕ್ಕೆ ಬಿದ್ದದ್ದು ಎರಡನೆಯ ಸುತ್ತಿನಲ್ಲಿ ಗಾಂಧಾರಕ್ಕೆ. ಕಲಿಯುವವನು ಎರಡೇ ಸುತ್ತಿಗೆ ಕಳೆದುಹೋಗಿ, ಬೆರಳಿನದೇ ತಪ್ಪೆಂದು ತಿಳಿದು, ಮತ್ತೂ ಜೋರಾಗಿ ಬಡಿಯುತ್ತಾನೆ. ಬೆರಳಿನ ತಪ್ಪಲ್ಲ ಅದು. ಹತ್ತು ಸ್ವರಗಳಿಗೆ ಹತ್ತಕ್ಷರದ ಝಂಪೆಯೇ ಸರಿ. ‘ತಕಿಟ ತಕ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡು ಕೈ ನೋಡಿ. 0 2 4 ಎಡಗೈಯ ತಕಿಟ, 7 9 ಬಲಗೈಯ ತಕ, 12 9 7 ಬಲಗೈಯದೇ ತಕಿಟ, 4 2 ಮತ್ತೆ ಎಡಗೈಯ ತಕ. ಕೈಗಳ ಹಂಚಿಕೆಯೂ ತಾಳದ ಹಂಚಿಕೆಯೂ ಒಂದೇ! ಇದು ಬಾಯಿಗೆ ಬಂದ ಮೇಲೆ ನೆರೆಮನೆಯ ಹುಡುಗ ಕಾಗದ ನೋಡುವುದನ್ನೇ ಬಿಟ್ಟ.

ನಮ್ಮ ಕಡೆಯವರಿಗೆ ಇದು ಸುಲಭವಾಗಬೇಕು. ಚೆರ್ಕಳದಿಂದ ಬದಿಯಡ್ಕದ ರಸ್ತೆ ಹಿಡಿದರೆ ಎಡನೀರು ಮಠ. 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸಂವಿಧಾನ ಓದಿದವರಿಗೆಲ್ಲ ಹೆಸರು ಗೊತ್ತಿರುವ ಕೇಶವಾನಂದ ಭಾರತೀ ಸ್ವಾಮೀಜಿ ಈ ಮಠದವರು. ದೇಶಕ್ಕೆ ಅವರು ಒಂದು ಮೊಕದ್ದಮೆಯ ಹೆಸರು. ನಮಗೆ, 2020ರಲ್ಲಿ ಬ್ರಹ್ಮೈಕ್ಯರಾಗುವವರೆಗೂ, ಶಾಸ್ತ್ರೀಯವಾಗಿ ಹಾಡಬಲ್ಲ, ಭಾಗವತಿಕೆ ಮಾಡಬಲ್ಲ ಶ್ರೀಗಳು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೂ ದೂರವಿಲ್ಲ. ಆಟ, ತಾಳಮದ್ದಳೆ ಕೇಳಿ ಬೆಳೆದ ಮಗುವಿಗೆ ಝಂಪೆ, ಏಳಕ್ಷರದ ತ್ರಿವುಡೆ ಇವೆಲ್ಲ ಹೆಸರು ಗೊತ್ತಾಗುವ ಮೊದಲೇ ಮೈಗೆ ಗೊತ್ತಿರುತ್ತವೆ. ಮದ್ದಳೆ ಕಲಿಸುವವರು ಮೊದಲು ವಾದ್ಯ ಮುಟ್ಟಗೊಡುವುದಿಲ್ಲ, ಬಾಯಿತಾಳ ಹೇಳಿಸುತ್ತಾರೆ. ಅದೇ ಮನೆಯ ಹುಡುಗ ಗಿಟಾರ್ ಹಿಡಿದ ಕೂಡಲೇ ಬಾಯಿ ಮುಚ್ಚಿ ಕಣ್ಣು ಬಿಟ್ಟು ಕೂರುತ್ತಾನಲ್ಲ, ಯಾಕೆ? ಪ್ಯಾಂಟು ಹಾಕಿದ ಸಂಗೀತಕ್ಕೆ ತಕಿಟ ತಕ ಹೇಳಿದರೆ ಮರ್ಯಾದೆ ಕಡಿಮೆ ಎಂಬ ಭಾವನೆ ಇರಬೇಕು.

ಪಾಶ್ಚಾತ್ಯ ವಾದಕರಿಗೆ ಆ ಸಂಕೋಚ ಇಲ್ಲ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಆರ್.ಎ. ರಮಾಮಣಿ ಅವರ ಗಾಯನದೊಂದಿಗೆ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿತು, 1983ರಲ್ಲಿ. ಬಾಸಿನವರು ಕೇಳಬೇಕಾದದ್ದು ಸ್ವೀಡನ್ನಿನ ಯೋನಾಸ್ ಹೆಲ್ಬೋರ್ಗ್. ಗಿಟಾರಿನ ಶಾನ್ ಲೇನ್ ಮತ್ತು ಖಂಜೀರದ ವಿ. ಸೆಲ್ವಗಣೇಶ್ ಜೊತೆಗಿನ ಅವರ ಮುದ್ರಣಗಳಲ್ಲಿ ಬಾಸ್ ನಮ್ಮ ಲಯದ ಒಳಗೇ ಓಡಾಡುತ್ತದೆ.

ಹಾಗಂತ ಬಾಸನ್ನು ವೀಣೆ ಮಾಡಹೊರಟವರಿಗೂ ಒಂದು ಮಾತು ಹೇಳಬೇಕು. ಮೇಲುನೋಟಕ್ಕೆ ನೆಂಟಸ್ತಿಕೆ ಕಾಣುತ್ತದೆ. ವೀಣೆಗೂ ನುಡಿಸುವ ತಂತಿ ನಾಲ್ಕು, ಮೆಟ್ಟಿಲು ಇಪ್ಪತ್ತನಾಲ್ಕು. ಎಡಗೈ ಬೆರಳಿನ ಪೆಟ್ಟಿನಿಂದ ಸ್ವರ ಎಬ್ಬಿಸುವುದು ವೈಣಿಕರಿಗೆ ಹೊಸತೂ ಅಲ್ಲ, ಸ್ಫುರಿತದಲ್ಲಿ ಅದು ಇದ್ದೇ ಇದೆ. ಆದರೆ ವೀಣೆಯ ಜೀವ ಇರುವುದು ತಂತಿಯನ್ನು ಪಕ್ಕಕ್ಕೆ ಎಳೆಯುವುದರಲ್ಲಿ. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಒಂದೊಂದು ಗಮಕಕ್ಕೂ ಒಂದೊಂದು ಚಿಹ್ನೆ ಇಟ್ಟು ಬರೆದರು, ಸ್ವರದ ಹೆಸರು ಮಾತ್ರ ಬರೆದರೆ ಸಾಲದೆಂದು. ಬಾಸಿನ ತಂತಿ ದಪ್ಪ, ಬಿಗಿ. ಟ್ಯಾಪ್ ಮಾಡಿದ ಸ್ವರ ಬಡಿದಲ್ಲೇ ಹುಟ್ಟಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಮೋಹನ, ಹಂಸಧ್ವನಿಯ ಸ್ವರಗಳನ್ನು ಬಡಿಯಿರಿ, ಚೆಂದ ಕೇಳುತ್ತದೆ. ತೋಡಿ, ಸಹಾನದ ಹತ್ತಿರ ಹೋಗಬೇಡಿ. ಅವನ್ನು ಬಡಿದು ನುಡಿಸಿದರೆ ಸ್ವರ ಇರುತ್ತದೆ, ರಾಗ ಇರುವುದಿಲ್ಲ.

ಹಾಡಿನ ನಡುವೆ ಟ್ಯಾಪಿಂಗ್ ಎಷ್ಟು ಇರಬೇಕು? ನನ್ನ ಕೇಳಿದರೆ, ಕಡಿಮೆ. ರಘು ದೀಕ್ಷಿತ್ ತಂಡದಲ್ಲಿ ಬಾಸ್ ಹಿಡಿದಿದ್ದ ಗೌರವ್ ವಾಜ್, ‘ಸ್ವರಾತ್ಮ’ದ ಜಿಷ್ಣು ದಾಸ್‌ಗುಪ್ತ ಇವರ ಮುದ್ರಣಗಳನ್ನು ಕೇಳಿ. ಶರೀಫಜ್ಜನ ಪದ ಹಾಡುವಾಗ ಕೆಳಗಿನ ನೆಲ ಅಲುಗಬಾರದು. ಬಾಸ್ ಬಲಗೈಯನ್ನೂ ಮೇಲಕ್ಕೆ ಕಳಿಸಿ ಚಳಕ ತೋರಿಸಲು ಹೊರಟರೆ ಆ ಹೊತ್ತಿಗೆ ಕೆಳಗೆ ಯಾರೂ ಇರುವುದಿಲ್ಲ. ಹಾಡಿಡೀ ಟ್ಯಾಪ್ ಮಾಡುವವನು ಪೀಠಿಕೆಯಲ್ಲೇ ಬೆಳಗು ಮಾಡುವ ತಾಳಮದ್ದಳೆಯ ಅರ್ಥಧಾರಿಯ ಹಾಗೆ. ಎದುರಿನವರಿಗೆ ಮಾತಾಡಲು ಸಂದರ್ಭವೇ ಸಿಗುವುದಿಲ್ಲ. ಒಂಟಿಯಾಗಿ ನುಡಿಸುವಾಗ, ಪಲ್ಲವಿಗೂ ಚರಣಕ್ಕೂ ನಡುವೆ ಒಂದು ಆವರ್ತ ಖಾಲಿ ಸಿಕ್ಕಾಗ, ಅಷ್ಟಕ್ಕೆ ಸಾಕು.

ಟ್ಯಾಬ್ ಬರೆದು ಹಂಚುವ ಹುಡುಗರಲ್ಲಿ ಒಂದು ಕೇಳಿಕೆ ಇದೆ. ಗಿಟಾರ್ ಪ್ರೊ ತಂತ್ರಾಂಶ 1997ರಿಂದ ಇದೆ, ದುಡ್ಡು ಕೊಡಲಾಗದವರಿಗೆ ಟಕ್ಸ್‌ಗಿಟಾರ್, ಮ್ಯೂಸ್‌ಸ್ಕೋರ್ ಇವೆ. ಇವುಗಳಲ್ಲಿ ಬರೆದರೆ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದೂ ಅಂಕಿಯ ಜೊತೆಗೇ ಬರುತ್ತದೆ. ಅದೂ ಆಗದು, ವಾಟ್ಸ್ಆಪಿನಲ್ಲೇ ಟೈಪು ಮಾಡಿ ಕಳಿಸುತ್ತೇವೆ ಎನ್ನುವವರು ಅಂಕಿಗಳ ಮೇಲೆ ಒಂದು ಸಾಲು ಜಾಗ ಬಿಟ್ಟು, ತಾಳ ಯಾವುದು, ಎತ್ತುಗಡೆ ಎಲ್ಲಿ ಎಂದು ಬರೆಯಿರಿ. ಕೆಳಗೆ ತಕಿಟ ತಕ ಕನ್ನಡದಲ್ಲೇ ಇರಲಿ, ಓದುವವರು ನಮ್ಮವರೇ ತಾನೆ.